ಕಿರುಪ್ರಬಂಧ ಏಕೆ ನಾಳೆಗೆ ಹೋಗುತ್ತದೆ: 'ಬರೆಯುವುದು' ಎಂಬ ಪದದೊಳಗಿನ ಕೆಲಸಗಳು

ಕನ್ನಡ ಎಂ.ಎ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ತನ್ನ ಡೈರಿಯನ್ನು ತಂದು ನನ್ನ ಮುಂದಿಟ್ಟಳು. ಅವಳ ಕಿರುಪ್ರಬಂಧದ ವಿಷಯ ತನ್ನದೇ ಹೋಬಳಿಯ ಊರುಗಳ ಹೆಸರು. ಜನವರಿಯ ಪುಟಗಳಲ್ಲಿ 'ಕ್ಷೇತ್ರಕಾರ್ಯ' ಎಂದಿತ್ತು, ಯಾವ ದಿನ ಯಾವ ಊರು ಎಂಬುದೂ ಇತ್ತು. ಫೆಬ್ರವರಿಯಲ್ಲಿ ಓದಬೇಕಾದ ಪುಸ್ತಕಗಳ ಪಟ್ಟಿ ಇತ್ತು. ಮಾರ್ಚ್ 1ರಿಂದ ಏಪ್ರಿಲ್ 30ರವರೆಗೆ ಪುಟದಿಂದ ಪುಟಕ್ಕೆ ಒಂದೇ ಕೆಂಪು ಗೆರೆ ಎಳೆದು, ಅದರ ಪಕ್ಕದಲ್ಲಿ 'ಕಿರುಪ್ರಬಂಧ ಬರೆಯುವುದು' ಎಂದು ಬರೆದಿದ್ದಳು. ನಾವು ಕೂತು ಮಾತನಾಡಿದ್ದು ಏಪ್ರಿಲ್ 9ರಂದು. ಅಲ್ಲಿಯವರೆಗೆ ಒಂದು ಪುಟವೂ ಆಗಿರಲಿಲ್ಲ. ಅವಳನ್ನು ಸೋಮಾರಿ ಎನ್ನುವಂತಿರಲಿಲ್ಲ. ಇಪ್ಪತ್ತಮೂರು ಊರುಗಳನ್ನು ಬಸ್ಸಿನಲ್ಲಿಯೂ ಕಾಲ್ನಡಿಗೆಯಲ್ಲಿಯೂ ಸುತ್ತಿ, ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಎರಡು ನೋಟ್‌ಬುಕ್ ತುಂಬ ಟಿಪ್ಪಣಿ ಮಾಡಿಕೊಂಡಿದ್ದಳು. 'ದಿನಾ ಕೂರ್ತೀನಿ ಸರ್, ಎಲ್ಲಿಂದ ಶುರು ಮಾಡೋದು ಅಂತಲೇ ಗೊತ್ತಾಗಲ್ಲ' ಎಂದಳು. ವಿದ್ಯಾರ್ಥಿಗಳ ಬರವಣಿಗೆ ಏಕೆ ಮುಂದಕ್ಕೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರದ ಬಹುಪಾಲು ಆ ಮಾತಿನಲ್ಲಿಯೂ ಆ ಕೆಂಪು ಗೆರೆಯಲ್ಲಿಯೂ ಇದೆ.

'ಕ್ಷೇತ್ರಕಾರ್ಯ' ಎಂದು ಬರೆದಿದ್ದ ದಿನ ಬೆಳಿಗ್ಗೆ ಎದ್ದು ಯಾವ ಬಸ್ಸು ಹತ್ತಬೇಕೆಂಬುದು ಅವಳಿಗೆ ಗೊತ್ತಿತ್ತು. 'ಬರೆಯುವುದು' ಎಂದು ಬರೆದಿದ್ದ ದಿನ ಕೈ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ, ಏಕೆಂದರೆ ಆ ಒಂದು ಪದದೊಳಗೆ ಹತ್ತಾರು ಬೇರೆಬೇರೆ ಕೆಲಸಗಳು ಅಡಗಿವೆ. ಟಿಪ್ಪಣಿಗಳನ್ನು ವಿಂಗಡಿಸುವುದು, ಧ್ವನಿಮುದ್ರಣವನ್ನು ಕೇಳಿ ಬರೆದಿಳಿಸುವುದು, ಹೇಳಬೇಕಾದದ್ದು ಏನೆಂದು ತೀರ್ಮಾನಿಸುವುದು, ಅದನ್ನು ವಾಕ್ಯವಾಗಿಸುವುದು, ಬರೆದದ್ದನ್ನು ಓದಿ ಒಡೆದು ಕಟ್ಟುವುದು, ಅಡಿಟಿಪ್ಪಣಿ ಕೊಡುವುದು, ಟೈಪು ಮಾಡಿಸುವುದು, ಪ್ರೂಫ್ ನೋಡುವುದು, ಇವೆಲ್ಲವನ್ನೂ ನಾವು 'ಬರೆಯುವುದು' ಎಂದೇ ಕರೆಯುತ್ತೇವೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಅವರು, ಬರೆಯುತ್ತಿರುವವರು ತಮ್ಮ ತಲೆಯಲ್ಲಿ ಓಡುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಬರೆಯುವಂತೆ ಮಾಡಿ, ಆ ಮಾತುಗಳನ್ನು ದಾಖಲಿಸಿ, 1981ರಲ್ಲಿ ಒಂದು ವಿವರಣೆಯನ್ನು ಮುಂದಿಟ್ಟರು. ಬರವಣಿಗೆಯಲ್ಲಿ ಯೋಜಿಸುವುದು, ವಾಕ್ಯಕ್ಕಿಳಿಸುವುದು, ಪರಿಶೀಲಿಸುವುದು ಎಂಬ ಕ್ರಿಯೆಗಳಿವೆ. ಅವು ಒಂದರ ನಂತರ ಒಂದಾಗಿ ಸಾಲಾಗಿ ಬರುವುದಿಲ್ಲ, ಒಂದರ ನಡುವೆ ಇನ್ನೊಂದು ನುಗ್ಗುತ್ತಲೇ ಇರುತ್ತದೆ ಎಂಬುದು ಅದರ ಸಾರ. ಒಂದು ವಾಕ್ಯದ ಅರ್ಧಕ್ಕೆ ಬಂದಾಗ ಅಧ್ಯಾಯದ ಕ್ರಮವೇ ಸರಿಯಿಲ್ಲವೆಂದು ಹೊಳೆಯುತ್ತದೆ, ಕ್ರಮ ಸರಿಪಡಿಸುತ್ತಿರುವಾಗ ಹಿಂದಿನ ವಾಕ್ಯದ ವಿಭಕ್ತಿ ತಪ್ಪಿರುವುದು ಕಾಣುತ್ತದೆ. ಇವೆಲ್ಲವನ್ನೂ ಒಟ್ಟಿಗೆ ಹೊರಲು ಹೊರಟ ಮನಸ್ಸು ಮೊದಲ ಪುಟದಲ್ಲಿಯೇ ಬಳಲುತ್ತದೆ.

ಇದಕ್ಕೆ ಇನ್ನೊಬ್ಬ ಅಮೆರಿಕನ್ ಮನಶ್ಶಾಸ್ತ್ರಜ್ಞ ರೊನಾಲ್ಡ್ ಕೆಲಾಗ್ ಅವರ 1988ರ ಪ್ರಯೋಗವನ್ನು ಸೇರಿಸಿ ನೋಡಬೇಕು. ಬರೆಯುವ ಮೊದಲು ಲಿಖಿತ ರೂಪರೇಷೆ ಮಾಡಿಕೊಂಡವರ ಬರಹ, ಹಾಗೆ ಮಾಡಿಕೊಳ್ಳದವರ ಬರಹಕ್ಕಿಂತ ಉತ್ತಮವಾಗಿತ್ತು. ಮೊದಲ ಕರಡನ್ನೇ ನಯವಾಗಿ ಬರೆದದ್ದಕ್ಕೂ ಒರಟಾಗಿ ಬರೆದದ್ದಕ್ಕೂ ಕೊನೆಯ ಗುಣಮಟ್ಟದಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ನಮ್ಮ ವಿದ್ಯಾರ್ಥಿಗಳು ಮಾಡುವುದು ಬಹುತೇಕ ಇದರ ತದ್ವಿರುದ್ಧ. ಅಧ್ಯಾಯದ ಶೀರ್ಷಿಕೆಯ ಹೊರತು ಬೇರೆ ರೂಪರೇಷೆ ಇರುವುದಿಲ್ಲ. ಆದರೆ ಮೊದಲ ವಾಕ್ಯ ಅಚ್ಚಿಗೆ ಹೋಗುವಷ್ಟು ಚೆನ್ನಾಗಿರಬೇಕೆಂದು ನಾಲ್ಕು ದಿನ ಅದನ್ನೇ ಬರೆದು ಹರಿದು ಹಾಕುತ್ತಾರೆ.

ಹೀಗೆ ಆಕಾರವಿಲ್ಲದ ಕೆಲಸದ ಮುಂದೆ ಕೂತಾಗ ಹುಟ್ಟುವುದು ಒಂದು ಬಗೆಯ ಕಸಿವಿಸಿ. ಬಂದದ್ದು ಸರಿಯಿರುತ್ತದೆಯೋ ಇಲ್ಲವೋ, ಮಾರ್ಗದರ್ಶಕರು ಏನೆನ್ನುತ್ತಾರೋ, ಇಷ್ಟು ಓದಿದ್ದೂ ಸಾಲದೇನೋ ಎಂಬ ಅಳುಕು ಅದರಲ್ಲಿ ಸೇರಿರುತ್ತದೆ. ಮುಂದೂಡುವಿಕೆಯನ್ನು ಬಹುಕಾಲ ಸಮಯ ನಿರ್ವಹಣೆಯ ದೋಷವೆಂದೇ ತಿಳಿಯಲಾಗಿತ್ತು. ಫ್ಯೂಷಿಯಾ ಸಿರ್ವಾ ಮತ್ತು ತಿಮೊಥಿ ಪಿಚಿಲ್ ಎಂಬ ಸಂಶೋಧಕರು 2013ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನು ಬೇರೆ ರೀತಿಯಲ್ಲಿ ನೋಡಿದರು: ಕೆಲಸವನ್ನು ಮುಂದೂಡುವವರು ಆ ಕ್ಷಣದ ಬೇಸರವನ್ನು, ಅಳುಕನ್ನು ಕಳೆದುಕೊಳ್ಳಲು ಹಾಗೆ ಮಾಡುತ್ತಾರೆ, ಅದರ ಬೆಲೆಯನ್ನು ಮುಂದಿನ ದಿನಗಳಲ್ಲಿ ತೆರುತ್ತಾರೆ. ಈ ವಿವರಣೆ ನನ್ನ ಅನುಭವಕ್ಕೆ ತುಂಬ ಹತ್ತಿರವಾದದ್ದು. ನೋಟ್‌ಬುಕ್ ಮುಚ್ಚಿದ ಕೂಡಲೇ ಎದೆ ಹಗುರಾಗುತ್ತದೆ, ಆ ಹಗುರವೇ ಮರುದಿನವೂ ನೋಟ್‌ಬುಕ್ ಮುಚ್ಚಿಸುತ್ತದೆ. ಮುಚ್ಚಿದ ಮೇಲೆ ಮಾಡುವ ಕೆಲಸವೂ ಹೆಚ್ಚಾಗಿ ಒಳ್ಳೆಯ ಕೆಲಸವೇ ಆಗಿರುತ್ತದೆ ಎಂಬುದನ್ನು ಗಮನಿಸಬೇಕು. ಗೆಳತಿಯ ಪ್ರಬಂಧದ ಪ್ರೂಫ್ ನೋಡಿಕೊಡುವುದು, ಇನ್ನೂ ಎರಡು ಪುಸ್ತಕ ಹುಡುಕಿ ಗ್ರಂಥಾಲಯಕ್ಕೆ ಹೋಗುವುದು, ಗ್ರಂಥಋಣದ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು, ಹಾಸ್ಟೆಲ್ ಕೋಣೆ ಗುಡಿಸುವುದು. ಇವುಗಳಲ್ಲಿ ಯಾವುದನ್ನೂ ತಪ್ಪೆನ್ನಲಾಗದ್ದರಿಂದಲೇ ಮುಂದೂಡುತ್ತಿದ್ದೇನೆ ಎಂಬುದು ಮಾಡುವವರಿಗೂ ತಿಳಿಯುವುದಿಲ್ಲ.

ಕೆನಡಾದ ಪೀಯರ್ಸ್ ಸ್ಟೀಲ್ ಅವರು ಈ ವಿಷಯದ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕಾಲೇಜು ವಿದ್ಯಾರ್ಥಿಗಳಲ್ಲಿ ಶೇ. 80ರಿಂದ 95ರಷ್ಟು ಮಂದಿ ಒಂದಲ್ಲ ಒಂದು ಮಟ್ಟದಲ್ಲಿ ಕೆಲಸವನ್ನು ಮುಂದೂಡುತ್ತಾರೆ ಎಂಬ ಅಂದಾಜನ್ನು ಉಲ್ಲೇಖಿಸಿದ್ದಾರೆ. ಗಡುವು ದೂರವಿದ್ದಷ್ಟೂ ಅದರ ತೂಕ ಮನಸ್ಸಿಗೆ ತಟ್ಟುವುದಿಲ್ಲ, ಹತ್ತಿರ ಬಂದಂತೆ ಒಮ್ಮೆಗೇ ಏರುತ್ತದೆ ಎಂಬುದು ಅವರ ವಿವರಣೆಯ ಒಂದು ಮುಖ್ಯ ಎಳೆ. ಎರಡು ತಿಂಗಳ ಕೆಂಪು ಗೆರೆಯ ಕೊನೆಯಲ್ಲಿ ಒಂದೇ ಒಂದು ಗಡುವು ಇದ್ದರೆ, ಮೊದಲ ಐದು ವಾರ ಅದು ಇಲ್ಲದಂತೆಯೇ ಸರಿ.

'ಒತ್ತಡ ಬಂದಾಗಲೇ ನನಗೆ ಚೆನ್ನಾಗಿ ಬರೆಯಲು ಬರುವುದು' ಎಂದು ನಂಬಿರುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಅಂಥವರನ್ನು ಒಂದು ಸೆಮಿಸ್ಟರಿನುದ್ದಕ್ಕೂ ಗಮನಿಸಿತ್ತು. ಮುಂದೂಡುವ ಸ್ವಭಾವದವರು ಸೆಮಿಸ್ಟರಿನ ಆರಂಭದಲ್ಲಿ ಉಳಿದವರಿಗಿಂತ ನಿರಾಳವಾಗಿಯೂ ಆರೋಗ್ಯವಾಗಿಯೂ ಇದ್ದರು. ಕೊನೆಗೆ ಬರುವಷ್ಟರಲ್ಲಿ ಅವರ ಒತ್ತಡವೂ ಕಾಯಿಲೆಗಳೂ ಉಳಿದವರನ್ನು ಮೀರಿದವು, ಒಟ್ಟು ಲೆಕ್ಕದಲ್ಲಿ ಅವರ ಪಾಡೇ ಹೆಚ್ಚಾಗಿತ್ತು, ಅಂಕಗಳೂ ಕಡಿಮೆಯೇ ಬಂದವು. ಒತ್ತಡದಲ್ಲಿ ಬರೆದದ್ದು ಚೆನ್ನಾಗಿ ಕಾಣುವುದು ಏಕೆಂದರೆ, ಬಿಡುವಿನಲ್ಲಿ ಬರೆದದ್ದರೊಡನೆ ಹೋಲಿಸಿ ನೋಡುವ ಅವಕಾಶವೇ ಆ ವಿದ್ಯಾರ್ಥಿಗೆ ಒದಗಿರುವುದಿಲ್ಲ.

ಇನ್ನು ಯೋಜನೆಯ ಮಾತು. ಯೋಜನೆ ಮಾಡಿಕೊಳ್ಳಿ ಎಂದು ಹೇಳುವುದು ಸುಲಭ. ಆ ವಿದ್ಯಾರ್ಥಿನಿಯ ಡೈರಿಯೂ ಯೋಜನೆಯೇ ಆಗಿತ್ತು. ನಾವು ಮಾಡಿಕೊಳ್ಳುವ ಯೋಜನೆಗಳಲ್ಲಿ ಒಂದು ನಿರ್ದಿಷ್ಟ ದೋಷ ಇರುತ್ತದೆ, ಅದನ್ನು ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ ಗುರುತಿಸಿ ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ಯೋಜನಾ ಭ್ರಮೆ ಎನ್ನಬಹುದು. ಹಿಂದೆ ಇಂಥದೇ ಕೆಲಸಕ್ಕೆ ಎಷ್ಟು ದಿನ ಹಿಡಿದಿತ್ತೆಂಬುದನ್ನು ನೆನಪಿಸಿಕೊಳ್ಳದೆ, ಈ ಸಲ ಎಲ್ಲವೂ ಅಂದುಕೊಂಡಂತೆ ನಡೆಯುವ ಕಥೆಯೊಂದನ್ನು ಮನಸ್ಸಿನಲ್ಲಿ ಕಟ್ಟಿ, ಆ ಕಥೆಗೆ ಎಷ್ಟು ದಿನ ಬೇಕೋ ಅಷ್ಟನ್ನೇ ಲೆಕ್ಕ ಹಾಕುವುದು ಅದರ ಸ್ವರೂಪ. ಕೆನಡಾದ ರೋಜರ್ ಬ್ಯೂಲರ್ ಮತ್ತು ಅವರ ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ, ಏಕೆಂದರೆ ಅದು ನಡೆದದ್ದು ಪದವಿಯ ಕೊನೆಯ ವರ್ಷದ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳ ನಡುವೆಯೇ. ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ಕೇಳಿದಾಗ ಅವರು ಕೊಟ್ಟ ಅಂದಾಜಿನ ಸರಾಸರಿ 33.9 ದಿನ. ಎಲ್ಲವೂ ತೀರ ಕೆಟ್ಟದಾಗಿ ನಡೆದರೆ ಎಷ್ಟು ದಿನ ಎಂದು ಕೇಳಿದಾಗ ಬಂದ ಸರಾಸರಿ 48.6 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55.5 ದಿನ. ಅತಿ ಕೆಟ್ಟ ಸ್ಥಿತಿಯೆಂದು ಅವರೇ ಊಹಿಸಿಕೊಂಡದ್ದನ್ನೂ ಮೀರಿ ಒಂದು ವಾರ ಹೆಚ್ಚು. ಈ ಅಂಕಿಗಳನ್ನು ನಾನು ಪ್ರತಿ ವರ್ಷ ತರಗತಿಯ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ.

ಹಾಗಾದರೆ ನಮ್ಮ ಕಿರುಪ್ರಬಂಧಕ್ಕೆ ನಿಜವಾಗಿ ಎಷ್ಟು ದಿನವಿದೆ? ಇದನ್ನು ತಿಳಿಯಲು ಕ್ಯಾಲೆಂಡರನ್ನು ಕೊನೆಯಿಂದ ಹಿಂದಕ್ಕೆ ಓದಬೇಕು. ಏಪ್ರಿಲ್ 30ಕ್ಕೆ ಸಲ್ಲಿಸಬೇಕೆಂದಿಟ್ಟುಕೊಳ್ಳೋಣ. ವಿಶ್ವವಿದ್ಯಾಲಯದ ಸುತ್ತಲಿನ ಬೈಂಡಿಂಗ್ ಅಂಗಡಿಗಳಲ್ಲಿ ಆ ವಾರ ರಾಶಿ ಬಿದ್ದಿರುತ್ತದೆ, ಎರಡು ದಿನ ಅದಕ್ಕೇ ಬೇಕು. 28, 29 ಹೋಯಿತು. ಮುದ್ರಣ, ಮಾರ್ಗದರ್ಶಕರ ಮತ್ತು ವಿಭಾಗದ ಮುಖ್ಯಸ್ಥರ ಸಹಿ, ಬೇರೆ ಬರಹಗಳಿಂದ ನಕಲಾಗಿದೆಯೇ ಎಂದು ನೋಡುವ ಹೋಲಿಕೆ ಪರೀಕ್ಷೆಯ ವರದಿ, ಇವಕ್ಕೆ ಮೂರು ದಿನ, 25ರಿಂದ 27. ಇಲ್ಲಿ ಕನ್ನಡಕ್ಕೇ ವಿಶೇಷವಾದ ತೊಡಕೊಂದಿದೆ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿ ಟೈಪಾದ ಕಡತವನ್ನು ಹೋಲಿಕೆ ಪತ್ತೆ ಮಾಡುವ ತಂತ್ರಾಂಶ ಕನ್ನಡವೆಂದೇ ಓದಲಾರದು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು, ಪರಿವರ್ತಿಸಿದಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಅಲ್ಲಲ್ಲಿ ಕೆಡುತ್ತವೆ, ಮತ್ತೆ ಪುಟಪುಟವನ್ನೂ ನೋಡಬೇಕು. ಎರಡನೆಯ ಪ್ರೂಫ್‌ಗೆ ಎರಡು ದಿನ, ಮೊದಲ ಪ್ರೂಫ್‌ಗೆ ನಾಲ್ಕು ದಿನ. ಏಪ್ರಿಲ್ 19ಕ್ಕೆ ಬಂದೆವು. ಕೈಬರಹದ ಅರವತ್ತು ಪುಟವನ್ನು ಡಿಟಿಪಿ ಅಂಗಡಿಗೆ ಕೊಟ್ಟರೆ ಆ ದಿನಗಳಲ್ಲಿ ಒಂದು ವಾರಕ್ಕೆ ಕಡಿಮೆಯಿಲ್ಲದೆ ಹಿಡಿಯುತ್ತದೆ, 12ರಿಂದ 18. ಕೊನೆಯ ಅಧ್ಯಾಯವನ್ನು ಮಾರ್ಗದರ್ಶಕರು ಓದಿ ತಿದ್ದಲು, ವಿದ್ಯಾರ್ಥಿ ಅದನ್ನು ಮತ್ತೆ ಬರೆಯಲು ಆರು ದಿನ, 6ರಿಂದ 11. ಎಂದರೆ ಕೊನೆಯ ಅಧ್ಯಾಯದ ಕರಡು ಏಪ್ರಿಲ್ 5ಕ್ಕೆ ಮುಗಿದಿರಬೇಕು. ಎರಡು ತಿಂಗಳೆಂದು ಕಾಣುತ್ತಿದ್ದ ಕೆಂಪು ಗೆರೆ ಮೂವತ್ತಾರು ದಿನಕ್ಕೆ ಇಳಿಯಿತು, ಅದರಲ್ಲಿ ಭಾನುವಾರಗಳು, ಯುಗಾದಿಗೆ ಊರಿಗೆ ಹೋಗಿ ಬರುವ ದಿನಗಳು, ಆಂತರಿಕ ಪರೀಕ್ಷೆಯ ದಿನಗಳು ಸೇರಿ ಹತ್ತು ಕಳೆದರೆ ಉಳಿದದ್ದು ಇಪ್ಪತ್ತಾರು.

ಇನ್ನು ಬರೆಯುವ ವೇಗದ ಲೆಕ್ಕ. ಕನ್ನಡದಲ್ಲಿ ಟೈಪಾದ ಒಂದು ಪುಟದಲ್ಲಿ ಅಕ್ಷರದ ಗಾತ್ರ, ಸಾಲುಗಳ ಅಂತರ ನೋಡಿಕೊಂಡು ಸುಮಾರು 220 ಪದ ಹಿಡಿಯುತ್ತದೆಂದು ಇಟ್ಟುಕೊಂಡರೆ, ಅರವತ್ತು ಪುಟಕ್ಕೆ 13,200 ಪದ. ಟಿಪ್ಪಣಿ ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಬರೆದರೆ ಹೆಚ್ಚಿನ ವಿದ್ಯಾರ್ಥಿಗಳ ಕೈಯಲ್ಲಿ 250ರಿಂದ 300 ಪದ ಇಳಿಯುವುದನ್ನು ನಾನು ಕಂಡಿದ್ದೇನೆ. 275 ಎಂದು ಹಿಡಿದರೆ ನಲವತ್ತೆಂಟು ಬೈಠಕ್ಕುಗಳು ಬೇಕು. ದಿನಕ್ಕೆ ಎರಡರಂತೆ ಇಪ್ಪತ್ತನಾಲ್ಕು ದಿನ. ಇಪ್ಪತ್ತಾರು ದಿನಗಳಲ್ಲಿ ಇಪ್ಪತ್ತನಾಲ್ಕು. ಮಾರ್ಚ್ 1ರಂದು ಬೆಳಿಗ್ಗೆಯೇ ಶುರು ಮಾಡಿದ್ದರೆ ಎರಡೇ ದಿನ ಕೈಯಲ್ಲಿ ಉಳಿಯುತ್ತಿತ್ತು. ಈ ಲೆಕ್ಕವನ್ನು ನಾವಿಬ್ಬರೂ ಒಂದು ಹಾಳೆಯ ಮೇಲೆ ಮಾಡಿ ಮುಗಿಸಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಲೆಕ್ಕ ಭಯ ಹುಟ್ಟಿಸಿತೆಂಬುದು ನಿಜ, ಆದರೆ ಮುಕ್ಕಾಲು ಗಂಟೆಯ ನಲವತ್ತೆಂಟು ಬೈಠಕ್ಕು ಎಂಬುದಕ್ಕೆ ಒಂದು ಅಂಚಿದೆ. 'ಕಿರುಪ್ರಬಂಧ' ಎಂಬುದಕ್ಕೆ ಅಂಚೇ ಇರಲಿಲ್ಲ.

ದಿನಗಳನ್ನು ಎಣಿಸಿದ ಮೇಲೆ ಪ್ರತಿ ಬೈಠಕ್ಕಿನಲ್ಲಿ ಏನು ಮಾಡಬೇಕೆಂಬುದನ್ನು ಬರೆಯಬೇಕಾಗುತ್ತದೆ, ನನ್ನ ಪ್ರಕಾರ ಯೋಜನೆಯ ಜೀವ ಇರುವುದು ಇಲ್ಲಿ. ಅವಳ ಮೂರನೆಯ ಅಧ್ಯಾಯದ ಶೀರ್ಷಿಕೆ 'ಜಲಮೂಲ ಸಂಬಂಧಿ ಸ್ಥಳನಾಮಗಳು' ಎಂದಿತ್ತು. ಶೀರ್ಷಿಕೆಯನ್ನು ನೋಡುತ್ತ ಕೂತರೆ ವಾಕ್ಯ ಹುಟ್ಟುವುದಿಲ್ಲ, ಪ್ರಶ್ನೆಯನ್ನು ನೋಡುತ್ತ ಕೂತರೆ ಹುಟ್ಟುತ್ತದೆ. ಆದ್ದರಿಂದ ಶೀರ್ಷಿಕೆಯನ್ನು ಒಡೆದು ಪ್ರಶ್ನೆಗಳಾಗಿ ಮಾಡಿದೆವು. ಕೆರೆ, ಕಟ್ಟೆ, ಕುಂಟೆ, ಸಂದ್ರ ಎಂದು ಮುಗಿಯುವ ಹೆಸರುಗಳು ನಿನ್ನ ಪಟ್ಟಿಯಲ್ಲಿ ಎಷ್ಟೆಷ್ಟಿವೆ? ಆ ಊರುಗಳಲ್ಲಿ ಇವತ್ತು ಕೆರೆ ಇದೆಯೇ, ಇದ್ದದ್ದು ಮುಚ್ಚಿಹೋಗಿದೆಯೇ? ಬೊಮ್ಮಸಂದ್ರ, ಸಿಂಗಸಂದ್ರಗಳಲ್ಲಿರುವ 'ಸಂದ್ರ' ಎಂಬುದು 'ಸಮುದ್ರ'ದಿಂದ ಬಂದದ್ದು, ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವ ವಾಡಿಕೆ ಹಿಂದೆ ಇತ್ತು. ನಿನ್ನ ಹೋಬಳಿಯ ಸಂದ್ರಗಳಲ್ಲಿ ಯಾವುದಾದರೂ ಶಾಸನದಲ್ಲಿ 'ಸಮುದ್ರ' ರೂಪದಲ್ಲಿ ಸಿಗುತ್ತದೆಯೇ, ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟದಲ್ಲಿ ನೋಡಿದ್ದೀಯಾ? ಊರಿನ ಹಿರಿಯರು ಆ ಹೆಸರಿಗೆ ಬೇರೆ ಕಥೆ ಹೇಳುತ್ತಾರೆಯೇ? ಹೀಗೆ ಒಂದು ಅಧ್ಯಾಯಕ್ಕೆ ಒಂಬತ್ತು ಪ್ರಶ್ನೆಗಳಾದವು. ಒಂದೊಂದು ಪ್ರಶ್ನೆಗೂ ಒಂದು, ಹೆಚ್ಚೆಂದರೆ ಎರಡು ಬೈಠಕ್ಕು. ಕೊನೆಯ ಪ್ರಶ್ನೆ ಕೇಳುವಷ್ಟರಲ್ಲಿಯೇ ಅವಳು ಒಂದು ಊರಿನ ಅಜ್ಜಿ ಹೇಳಿದ್ದ ಮಾತನ್ನು ನೆನಪಿಸಿಕೊಂಡು ಬಾಯಿಯಲ್ಲಿಯೇ ಒಂದು ಪ್ಯಾರಾದಷ್ಟು ಹೇಳಿಬಿಟ್ಟಿದ್ದಳು. ಅದನ್ನೇ ಬರೆ ಎಂದೆ.

ಕೆಲಸ ಇಷ್ಟು ಚಿಕ್ಕದಾದ ಮೇಲೂ ಅದಕ್ಕೊಂದು ಜಾಗ, ಒಂದು ಹೊತ್ತು ಗೊತ್ತುಮಾಡದಿದ್ದರೆ ಅದು ಜಾರುತ್ತದೆ. ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬಹಳ ಸರಳವಾಗಿ ತೋರಿಸಿಕೊಟ್ಟಿತು. ಕ್ರಿಸ್‌ಮಸ್ ಹಿಂದಿನ ದಿನದ ಸಂಜೆಯನ್ನು ಹೇಗೆ ಕಳೆದಿರೆಂಬ ಬಗ್ಗೆ ಎರಡು ದಿನದೊಳಗೆ ಒಂದು ವರದಿ ಬರೆದು ಕಳಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ, ಅದನ್ನು ಯಾವಾಗ, ಎಲ್ಲಿ ಕೂತು ಬರೆಯುತ್ತೀರೆಂಬುದನ್ನು ಮೊದಲೇ ನಿರ್ಧರಿಸಿ ಬರೆದುಕೊಡಲು ಕೇಳಲಾಯಿತು. ಹಾಗೆ ನಿರ್ಧರಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಹೇಳಿದ ಸಮಯಕ್ಕೆ ವರದಿ ಬರೆದರು. ಉಳಿದ ಗುಂಪಿನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ. ಬರೆಯಬೇಕೆಂಬ ಇಚ್ಛೆ ಎರಡೂ ಗುಂಪಿಗೆ ಇತ್ತು. ಹೊತ್ತು, ಜಾಗ ಮೊದಲೇ ಗೊತ್ತಾಗಿದ್ದರೆ ಆ ಕ್ಷಣ ಬಂದಾಗ ಮತ್ತೆ ಮನಸ್ಸಿನೊಡನೆ ವಾದ ಮಾಡಬೇಕಾಗುವುದಿಲ್ಲ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವವರು ಇವತ್ತು ಇಡಲೋ ಬೇಡವೋ ಎಂದು ಯೋಚಿಸುವುದಿಲ್ಲವಲ್ಲ, ಹಾಗೆ.

ಹಾಸ್ಟೆಲಿನಲ್ಲಿ ನಾಲ್ಕು ಮಂದಿ ಇರುವ ಕೋಣೆಯ ವಿದ್ಯಾರ್ಥಿಗೆ, ಮನೆಯಲ್ಲಿ ದನಕರುಗಳ ಕೆಲಸ ಮುಗಿಸಿ ಎರಡು ಬಸ್ಸು ಬದಲಿಸಿ ಬರುವ ವಿದ್ಯಾರ್ಥಿಗೆ ಈ ಜಾಗದ ಪ್ರಶ್ನೆ ಸಣ್ಣದಲ್ಲ. ಪ್ರಯೋಗಗಳು ನಡೆದ ದೇಶಗಳ ವಿದ್ಯಾರ್ಥಿಗೆ ಸ್ವಂತದ ಕೋಣೆ, ಸ್ವಂತದ ಮೇಜು ಸಿಗುವಷ್ಟು ಸುಲಭವಾಗಿ ಇಲ್ಲಿ ಸಿಗುವುದಿಲ್ಲ. ಬಸ್ಸಿನಲ್ಲಿ ಬರುವವರಿಗೆ ನಾನು ಹೇಳುವುದು, ಬರೆಯುವ ಬೈಠಕ್ಕನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಮೊದಲ ತರಗತಿಗೆ ಮುಂಚೆ ಗ್ರಂಥಾಲಯದಲ್ಲಿ ಇಟ್ಟುಕೊಳ್ಳಿ. ಧ್ವನಿಮುದ್ರಣ ಕೇಳುವುದು, ಮುಂದಿನ ಪ್ಯಾರಾದ ಬಗ್ಗೆ ಯೋಚಿಸುವುದು ಬಸ್ಸಿನಲ್ಲಿ ಆಗುವ ಕೆಲಸ.

ದಿನವೂ ಸ್ವಲ್ಪ ಬರೆಯುವುದು ಮೇಲೋ, ಮನಸ್ಸು ಬಂದಾಗ ಒಟ್ಟಿಗೆ ಬರೆಯುವುದು ಮೇಲೋ ಎಂಬ ಚರ್ಚೆ ಹಳೆಯದು. ವಿಶ್ವವಿದ್ಯಾಲಯದ ಅಧ್ಯಾಪಕರ ಬರವಣಿಗೆಯ ಅಭ್ಯಾಸಗಳನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ರಾಬರ್ಟ್ ಬೋಯ್ಸ್, ಚಿಕ್ಕ ಅವಧಿಗಳಲ್ಲಿ ನಿಯಮಿತವಾಗಿ ಬರೆದವರು ಮನಸ್ಸು ಬರಲೆಂದು ಕಾದವರಿಗಿಂತ ಹೆಚ್ಚು ಬರೆದರು, ಅವರಿಗೆ ಹೊಸ ವಿಚಾರಗಳೂ ಹೆಚ್ಚಾಗಿ ಹೊಳೆದವು ಎಂದು ಕಂಡುಕೊಂಡರು. ನ್ಯೂಜಿಲೆಂಡಿನ ಹೆಲೆನ್ ಸ್ವೋರ್ಡ್ ಅವರು ಬಹಳ ವರ್ಷಗಳ ನಂತರ ಚೆನ್ನಾಗಿ ಬರೆಯುವ ವಿದ್ವಾಂಸರನ್ನು ಸಂದರ್ಶಿಸಿದಾಗ, ಅವರಲ್ಲಿ ನಿಜವಾಗಿ ಪ್ರತಿದಿನ ಬರೆಯುವವರು ಕೆಲವೇ ಮಂದಿ ಎಂದು ತಿಳಿದುಬಂತು. ಇವೆರಡರಿಂದ ನಾನು ತೆಗೆದುಕೊಳ್ಳುವುದು ಇಷ್ಟು: ಬರೆದು ಪಳಗಿದವರು ತಮಗೆ ಹೊಂದುವ ಕ್ರಮ ಕಂಡುಕೊಂಡಿರುತ್ತಾರೆ, ಮೊದಲ ಸಲ ಅರವತ್ತು ಪುಟ ಬರೆಯುವವರಿಗೆ ಆ ಕ್ರಮ ಇನ್ನೂ ಸಿಕ್ಕಿರುವುದಿಲ್ಲ, ಆದ್ದರಿಂದ ಅವರಿಗೆ ನಿಗದಿಯಾದ ಸಣ್ಣ ಬೈಠಕ್ಕುಗಳೇ ಸುರಕ್ಷಿತ. ಬೈಠಕ್ಕು ಮುಗಿಸುವಾಗ ಮುಂದಿನ ವಾಕ್ಯ ಏನೆಂದು ಗೊತ್ತಿರುವ ಕಡೆಯಲ್ಲಿಯೇ ನಿಲ್ಲಿಸಿ, ಅದನ್ನು ಪುಟದ ಕೆಳಗೆ ಪೆನ್ಸಿಲಿನಲ್ಲಿ ಎರಡು ಪದವಾಗಿ ಬರೆದಿಟ್ಟರೆ, ನಾಳೆ ಕೂತಾಗ ಖಾಲಿ ಪುಟ ಎದುರಾಗುವುದಿಲ್ಲ.

ಯೋಜನೆಯೇ ಮುಂದೂಡುವಿಕೆಯಾಗುವ ಅಪಾಯವನ್ನೂ ಹೇಳಬೇಕು. ನಾಲ್ಕು ಬಣ್ಣದ ಪೆನ್ನಿನಲ್ಲಿ ವೇಳಾಪಟ್ಟಿ ಬರೆದು, ಮೊಬೈಲಿನಲ್ಲಿ ಅದಕ್ಕೊಂದು ಆ್ಯಪ್ ಹಾಕಿಕೊಂಡು, ಮೂರು ದಿನ ಅದನ್ನೇ ಚಂದ ಮಾಡುತ್ತ ಕೂತವರಿದ್ದಾರೆ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚು ಯೋಜನೆಗೆ ಕೊಡಬಾರದು. ಬರೆಯುತ್ತ ಹೋದಂತೆ ಯೋಜನೆ ಬದಲಾಗುವುದು ಸಹಜ, ಬದಲಾಗಲೇಬೇಕು. ಬರೆಯುವಾಗಲೇ ನಮಗೆ ಏನು ಗೊತ್ತಿಲ್ಲವೆಂಬುದು ಗೊತ್ತಾಗುವುದು. ಅದಕ್ಕಾಗಿಯೇ ಪ್ರತಿ ಅಧ್ಯಾಯದ ಕೊನೆಯಲ್ಲಿ ಯಾವ ಕೆಲಸವನ್ನೂ ಬರೆಯದ ಒಂದೆರಡು ಖಾಲಿ ದಿನಗಳನ್ನು ಬಿಟ್ಟಿರಬೇಕು.

ದಿನ ತಪ್ಪಿದಾಗ ಏನು ಮಾಡಬೇಕು? ಹೆಚ್ಚಿನವರು ಮರುದಿನಕ್ಕೆ ನಾಲ್ಕು ಬೈಠಕ್ಕು ಹಾಕಿಕೊಳ್ಳುತ್ತಾರೆ, ಅದೂ ಆಗದೆ ಮೂರನೆಯ ದಿನ ಡೈರಿಯನ್ನೇ ತೆರೆಯುವುದಿಲ್ಲ. ಮೈಕೇಲ್ ವೋಲ್, ತಿಮೊಥಿ ಪಿಚಿಲ್ ಮತ್ತು ಶಾನನ್ ಬೆನೆಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು ಎಂದು ಕಂಡುಬಂತು. ಕಸಿವಿಸಿಯಿಂದ ತಪ್ಪಿಸಿಕೊಳ್ಳಲು ಮುಂದೂಡುತ್ತೇವೆ ಎಂಬುದು ನಿಜವಾದರೆ, ತನ್ನನ್ನೇ ಹಳಿದುಕೊಳ್ಳುವುದು ಆ ಕಸಿವಿಸಿಗೆ ಇನ್ನಷ್ಟು ಸೌದೆ ಹಾಕಿದಂತೆ. ತಪ್ಪಿದ ಬೈಠಕ್ಕನ್ನು ಖಾಲಿ ಬಿಟ್ಟ ದಿನಕ್ಕೆ ಸರಿಸಿ, ಇವತ್ತಿನದನ್ನು ಇವತ್ತು ಮಾಡಿದರೆ ಸಾಕು.

ಕೊನೆಯ ವಾರಕ್ಕೆ ಎಲ್ಲವನ್ನೂ ತಳ್ಳಿದಾಗ ಆಗುವ ನಷ್ಟ ಅಂಕಗಳದ್ದಷ್ಟೇ ಅಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ತಡೆ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ. 10ರಿಂದ 40ರವರೆಗಿದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಹೀಗೆ ಸಿಕ್ಕಿಬೀಳುವವರೆಲ್ಲ ಕದಿಯಬೇಕೆಂದು ಹೊರಟವರಾಗಿರುವುದಿಲ್ಲ. ಫೆಬ್ರವರಿಯಲ್ಲಿ ಪುಸ್ತಕದಿಂದ ಬರೆದುಕೊಂಡ ಸಾಲಿಗೆ ಉದ್ಧರಣ ಚಿಹ್ನೆಯನ್ನಾಗಲಿ ಪುಟಸಂಖ್ಯೆಯನ್ನಾಗಲಿ ಹಾಕಿರುವುದಿಲ್ಲ, ಏಪ್ರಿಲ್ ಕೊನೆಯ ರಾತ್ರಿ ಅದು ತನ್ನ ಮಾತೋ ಪುಸ್ತಕದ ಮಾತೋ ನೆನಪಿರುವುದಿಲ್ಲ, ಹುಡುಕಲು ಗ್ರಂಥಾಲಯ ತೆರೆದಿರುವುದಿಲ್ಲ. ಟಿಪ್ಪಣಿ ಮಾಡುವಾಗಲೇ ಲೇಖಕರ ಮಾತನ್ನು ಒಂದು ಬಣ್ಣದಲ್ಲಿಯೂ ತನ್ನ ಅನಿಸಿಕೆಯನ್ನು ಇನ್ನೊಂದರಲ್ಲಿಯೂ ಬರೆದು, ಪ್ರತಿ ಟಿಪ್ಪಣಿಗೂ ಪುಟಸಂಖ್ಯೆ ಹಾಕುವುದು ಐದು ಕ್ಷಣದ ಕೆಲಸ.

ಇಷ್ಟೆಲ್ಲವನ್ನೂ ವಿದ್ಯಾರ್ಥಿಯ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಪಿಎಚ್.ಡಿ.ಯಲ್ಲಿ ಯುಜಿಸಿಯ 2022ರ ನಿಯಮದಂತೆ ಸಂಶೋಧಕರು ಪ್ರತಿ ಸೆಮಿಸ್ಟರಿನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ತಮ್ಮ ಪ್ರಗತಿಯನ್ನು ಮಂಡಿಸಬೇಕು. ಮೂರರಿಂದ ಆರು ವರ್ಷಗಳ ದೀರ್ಘ ದಾರಿಯಲ್ಲಿ ಅದು ನಡುನಡುವಿನ ಮೈಲಿಗಲ್ಲಾಗುತ್ತದೆ. ಎಂ.ಎ. ಕಿರುಪ್ರಬಂಧಕ್ಕೆ ಸಾರಲೇಖ (ಸಿನಾಪ್ಸಿಸ್) ಒಪ್ಪಿಸಿದ ಮೇಲೆ ಸಲ್ಲಿಕೆಯ ದಿನದವರೆಗೆ ಬೇರೆ ಯಾವ ಗಡುವೂ ಇಲ್ಲದಿರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಅಧ್ಯಾಯ ಕೊಟ್ಟು ಮೂರು ವಾರ ಕಾದರೂ ಮಾರ್ಗದರ್ಶಕರಿಂದ ಅದು ಹಿಂದಿರುಗದಿದ್ದರೆ, ವಿದ್ಯಾರ್ಥಿ ಎಷ್ಟು ಚೆನ್ನಾಗಿ ಯೋಜಿಸಿದ್ದರೂ ಕ್ಯಾಲೆಂಡರು ಕುಸಿಯುತ್ತದೆ. ಅರ್ಧ ಬರೆದದ್ದನ್ನು ತೋರಿಸಲು ವಿದ್ಯಾರ್ಥಿಗಳು ನಾಚುತ್ತಾರೆ, ಪೂರ್ತಿಯಾದ ಮೇಲೆ ತರುತ್ತೇನೆ ಎನ್ನುತ್ತಾರೆ. ಅರ್ಧ ಪುಟವಾದರೂ ತೆಗೆದುಕೊಂಡು ಬಾ ಎಂದು ನಾವೇ ಕೇಳಬೇಕು.

ಆ ವಿದ್ಯಾರ್ಥಿನಿ ಏಪ್ರಿಲ್ 9ರ ನಂತರ ಕೆಂಪು ಗೆರೆಯ ಮೇಲೆ ಬಿಳಿ ಕಾಗದ ಅಂಟಿಸಿದಳು. ಐದು ಅಧ್ಯಾಯಗಳ ಬದಲು ಮೂರು ಸಾಕೆಂದು ಇಬ್ಬರೂ ಒಪ್ಪಿದೆವು, ವಿಭಾಗದ ಕನಿಷ್ಠ ಪುಟಮಿತಿ ಅದಕ್ಕೆ ಅಡ್ಡಿಯಾಗಲಿಲ್ಲ. ಒಂದೊಂದು ಪ್ರಶ್ನೆ ಮುಗಿದ ಸಂಜೆಯೇ ತಂದು ತೋರಿಸಬೇಕು, ನಾನು ಮರುದಿನವೇ ಓದಿ ಕೊಡಬೇಕು, ಟೈಪಿಂಗನ್ನು ಅವಳೇ ಯೂನಿಕೋಡ್‌ನಲ್ಲಿ ದಿನದಿನವೂ ಮಾಡಿಕೊಳ್ಳಬೇಕು ಎಂದು ಗೊತ್ತುಮಾಡಿಕೊಂಡದ್ದರಿಂದ, ಹಿಂದಕ್ಕೆ ಎಣಿಸಿದ ಲೆಕ್ಕದಲ್ಲಿ ಎರಡು ವಾರ ಮರಳಿ ಸಿಕ್ಕಿತು. ಬಿಳಿ ಕಾಗದದ ಮೇಲಿನ ಮೊದಲ ಸಾಲು ಹೀಗಿತ್ತು: 'ಏಪ್ರಿಲ್ 10, ಬೆಳಿಗ್ಗೆ 7ರಿಂದ 7.45, ಊಟದ ಕೋಣೆಯ ಕಿಟಕಿ ಪಕ್ಕದ ಮೇಜು: ಅಜ್ಜಿ ಹೇಳಿದ ಕೆರೆಯ ಕಥೆ, ಒಂದು ಪ್ಯಾರಾ.' ಆ ವರ್ಷದಿಂದ ನನ್ನ ಡೈರಿಯಲ್ಲಿಯೂ ಒಂದು ಬದಲಾವಣೆಯಾಗಿದೆ. ಜನವರಿಯ ಮೊದಲ ವಾರದಲ್ಲಿಯೇ ನನ್ನ ಮಾರ್ಗದರ್ಶನದ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಯಾರ ಯಾವ ಅಧ್ಯಾಯವನ್ನು ನಾನು ಯಾವ ದಿನ ಓದುತ್ತೇನೆಂಬುದನ್ನು ಅವರ ಎದುರಿಗೇ ಬರೆದು, ಆ ಪುಟದ ನಕಲನ್ನು ಒಬ್ಬೊಬ್ಬರಿಗೂ ಕೊಡುತ್ತೇನೆ.